ಗಿರಿಜಾಂಬಾ ಸೇವ್ ಮಾಡಿಟ್ಟ ವೀಡಿಯೊ

ನಮ್ಮ ನಜರ್‌ಬಾದಿನ ಅಡ್ಡರಸ್ತೆಯಲ್ಲಿ ಸೀರೆಗೆ ಕುಚ್ಚು ಕಟ್ಟುವವರಿಗೇನೂ ಬರವಿಲ್ಲ. ಆದರೂ ಮದುವೆ ಸೀರೆ ಹಿಡಿದು ಬಂದವರು ಬೇರೆ ಬಾಗಿಲುಗಳನ್ನೆಲ್ಲ ದಾಟಿ ನಮ್ಮ ಪಕ್ಕದ ಮನೆಯ ಗಿರಿಜಾಂಬಾಳನ್ನೇ ಹುಡುಕುತ್ತಾರೆ. ಅವಳು ಹಾಕಿದ ಗಂಟು ಎಷ್ಟು ಸಲ ಒಗೆದರೂ ಸಡಿಲವಾಗುವುದಿಲ್ಲ. ಹೇಳಿದ ದಿನಕ್ಕೆ ಸೀರೆ ಕೊಡುತ್ತಾಳೆ, ಅದು ನಮ್ಮೂರಿನಲ್ಲಿ ಸಣ್ಣ ಮಾತಲ್ಲ. ಕಿಟಕಿಯ ಸರಳಿಗೆ ಸೆರಗನ್ನು ಬಿಗಿದು, ನೆಲದ ಮೇಲೆ ಕಾಲು ಚಾಚಿ ಕೂತು, ಎಳೆ ಬಿಡಿಸಿ ಗಂಟು ಹಾಕುತ್ತಾ ಹೋದಳೆಂದರೆ ಊಟದ ನೆನಪೂ ಇರುವುದಿಲ್ಲ. ನಾನೇ ಗೋಡೆ ತಟ್ಟಿ, ಒಲೆಯ ಮೇಲಿನ ಸಾರು ಸೀದ ವಾಸನೆ ಬರುತ್ತಿದೆ ಎಂದು ಎಚ್ಚರಿಸಬೇಕು.

ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತಳಾದವಳು. ಮಾತು ಜಾಸ್ತಿ, ತಾಳ್ಮೆ ಕಡಿಮೆ. ಅವಳದು ಇದಕ್ಕೆ ತದ್ವಿರುದ್ಧ. ಬೈದರೆ ನಗುತ್ತಾಳೆ, ಹೊಗಳಿದರೆ ತಲೆ ತಗ್ಗಿಸುತ್ತಾಳೆ. ಮನಸ್ಸಿನಲ್ಲಿರುವುದನ್ನು ಅವಳ ಬಾಯಿಂದ ಹೊರಡಿಸುವುದಕ್ಕಿಂತ ಆ ಕಾಲದ ಟ್ರಂಕ್ ಕಾಲ್ ಹಚ್ಚುವುದೇ ಸುಲಭ. ಅದಕ್ಕೇ ಏನೋ, ಒಂದೇ ಗೋಡೆಯ ಆಚೆ ಈಚೆ ಇಷ್ಟು ವರ್ಷ ಜಗಳವಿಲ್ಲದೆ ಬಾಳಿದ್ದೇವೆ. ಅವಳು ನನ್ನನ್ನು ಅಕ್ಕ ಎನ್ನುತ್ತಾಳೆ. ನಾನು ಗಿರಿಜಾಂಬಾ ಎಂದು ಪೂರ್ತಿ ಹೆಸರು ಹಿಡಿದೇ ಕರೆಯುತ್ತೇನೆ.

ಗಿರಿಜಾಂಬಾಳ ಕೈಗೆ ಒಳ್ಳೆಯ ಫೋನು ಬಂದದ್ದು ಅವಳ ಮಗಳಿಂದ. ಬಂದ ಮೇಲೆ ಗಿರಾಕಿಗಳ ವರಸೆಯೇ ಬದಲಾಯಿತು. ಮೊದಲೆಲ್ಲ "ಚೆನ್ನಾಗಿ ಕಟ್ಟಿಕೊಡಮ್ಮ" ಎನ್ನುತ್ತಿದ್ದವರು ಈಗ ರೀಲ್ಸ್ ತೆರೆದು, ಯಾವುದೋ ಊರಿನ ಯಾವಳೋ ಕಟ್ಟಿದ ಕುಚ್ಚು ತೋರಿಸಿ, ಇಂಥದ್ದೇ ಆಗಬೇಕು ಎಂದು ಹಟ ಹಿಡಿಯತೊಡಗಿದರು. ಒಬ್ಬ ಗಿರಾಕಿ ಅವಳಿಗೊಂದು ಉಪಾಯ ಹೇಳಿಕೊಟ್ಟಳು. ವೀಡಿಯೊ ಪಕ್ಕದಲ್ಲಿ ರಿಬ್ಬನ್ನಿನ ತುಂಡಿನಂಥ ಗುರುತು ಇರುತ್ತದೆ, ಅದನ್ನು ಒತ್ತಿದರೆ ಸೇವ್ ಆಗುತ್ತದೆ, ಬೇಕೆಂದಾಗ ನೋಡಬಹುದು ಎಂದು. ಅಂದಿನಿಂದ ಗಿರಿಜಾಂಬಾ ಕಂಡ ಕಂಡ ಕುಚ್ಚಿಗೆಲ್ಲ ಒತ್ತಿದ್ದೇ ಒತ್ತಿದ್ದು. ನವಿಲುಗರಿ ಕುಚ್ಚು, ಜೋಳದ ತೆನೆ ಕುಚ್ಚು, ಮಣಿ ಪೋಣಿಸಿದ ಕುಚ್ಚು, ಎಲ್ಲವೂ ಅಲ್ಲಿ ಸಾಲಾಗಿ ನಿಂತವು. ಯಾರು ಕೇಳಿದರೂ ಫೋನು ತೆರೆದು ತೋರಿಸಿ, ಎಲ್ಲಾ ನನ್ನ ಫೋನಿನೊಳಗೇ ಇದೆ ಎಂದು ಬೀಗುತ್ತಿದ್ದಳು. ಟ್ರಂಕಿನಲ್ಲಿ ಸೀರೆ ಇಟ್ಟು ಬೀಗ ಹಾಕಿದಷ್ಟೇ ಭದ್ರ ಎಂದು ಅವಳ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು.

ಅವಳ ಗಂಡ ಸಿದ್ದಲಿಂಗಸ್ವಾಮಿ ಮಠದ ಹಾಸ್ಟೆಲಿನಲ್ಲಿ ಅಡುಗೆಯವನಾಗಿದ್ದ. ವಾರವಿಡೀ ಮಕ್ಕಳಿಗೆ ಮುದ್ದೆ ತಿರುವಿ, ಹಬ್ಬ ಉತ್ಸವ ಬಂತೆಂದರೆ ವೀರಗಾಸೆಗೆ ನಿಲ್ಲುತ್ತಿದ್ದ. ಅವರ ಮನೆತನದಲ್ಲಿ ತಲೆತಲಾಂತರದಿಂದ ಬಂದ ಕುಣಿತ ಅದು. ಕೆಂಪು ಬಟ್ಟೆ ಉಟ್ಟು, ಮೈತುಂಬ ವಿಭೂತಿ ಬಳಿದು, ರುದ್ರಾಕ್ಷಿ ಹೇರಿಕೊಂಡು, ಕತ್ತಿ ಎತ್ತಿ ವೀರಭದ್ರನನ್ನು ಹೊಗಳುವ ಒಡಪು ಹೇಳಲು ಶುರು ಮಾಡಿದನೆಂದರೆ, ಸೌಟು ಹಿಡಿದು ಬಗ್ಗಿ ನಡೆಯುವ ಆಸಾಮಿ ಇವನೇನಾ ಎನ್ನಿಸುತ್ತಿತ್ತು. ದಸರಾ ಮೆರವಣಿಗೆಯಲ್ಲಿ ಅವರ ತಂಡ ಅರಮನೆಯಿಂದ ಬನ್ನಿಮಂಟಪದವರೆಗೂ ಕುಣಿಯುತ್ತಲೇ ಹೋಗುತ್ತಿತ್ತು. ಗಿರಿಜಾಂಬಾ ನೀರಿನ ಬಾಟಲಿ ಹಿಡಿದು, ಜನರ ಹಿಂದೆ ಹಿಂದೆಯೇ ಸಂದಿಗೊಂದಿ ಹಿಡಿದು ಹೋಗಿ, ಬನ್ನಿಮಂಟಪದಲ್ಲಿ ಕಾದು ನಿಲ್ಲುತ್ತಿದ್ದಳು.

ಅಷ್ಟು ದೊಡ್ಡ ಗಂಟಲಿದ್ದವನ ಬಾಯಿಂದ ಹೆಂಡತಿಯ ಹೆಸರು ಹೊರಟದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ. ಮದುವೆಯಾದ ಹೊಸದರಲ್ಲಿ ಕೆಮ್ಮಿ ಕರೆಯುತ್ತಿದ್ದನಂತೆ. ಮಗಳು ಹುಟ್ಟಿ ಅಕ್ಷತಾ ಎಂದು ಹೆಸರಿಟ್ಟ ಮೇಲೆ ಅವನಿಗೆ ದೊಡ್ಡ ಅನುಕೂಲವಾಯಿತು. "ಅಕ್ಷತಾ" ಎಂದು ಕೂಗಿದರೆ ತಾಯಿ ಹೋಗಬೇಕು. ಮಗಳು ಎದ್ದು ಬಂದರೆ "ನಿನ್ನಲ್ಲ ಕಣವ್ವ" ಎನ್ನುತ್ತಿದ್ದ. ಗೋಡೆಯ ಈಚೆ ಕೂತು ನಾನು ಎಷ್ಟೋ ಸಲ ನಕ್ಕಿದ್ದೇನೆ. ಅವನೇನು ಕೆಟ್ಟ ಗಂಡನಲ್ಲ. ಹಾಸ್ಟೆಲಿನಿಂದ ಬರುವಾಗ ಅವಳಿಗೆಂದು ಬೆಚ್ಚಗಿನ ಒಬ್ಬಟ್ಟು ಕಟ್ಟಿಕೊಂಡು ಬರುತ್ತಿದ್ದ, ಕಣ್ಣು ನೋಯುತ್ತದೆಂದು ಅವಳು ಕೂರುವ ಜಾಗದ ಮೇಲೆ ತಾನೇ ದೊಡ್ಡ ಬಲ್ಬು ಹಾಕಿಸಿದ್ದ. ಹೆಸರು ಹಿಡಿದು ಕರೆಯುವುದು ಆ ಮನೆಯಲ್ಲಿ ರೂಢಿಯಲ್ಲಿರಲಿಲ್ಲ, ಅಷ್ಟೆ. ಅವನಪ್ಪನೂ ಕರೆದಿರಲಿಲ್ಲ.

ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಹಾಸ್ಟೆಲಿನ ಅಡುಗೆಮನೆಯಲ್ಲೇ ಎದೆ ಹಿಡಿದುಕೊಂಡು ಕೂತನಂತೆ. ಆಟೊದಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದುಹೋಗಿತ್ತು. ಆ ದಿನಗಳ ಬಗ್ಗೆ ಬರೆಯಲು ನನಗೆ ಇಷ್ಟವಿಲ್ಲ. ಗಿರಿಜಾಂಬಾ ಅಳಲೂ ಇಲ್ಲ, ಕೆಲಸ ಬಿಡಲೂ ಇಲ್ಲ. ಒಪ್ಪಿಕೊಂಡಿದ್ದ ಸೀರೆಗಳನ್ನೆಲ್ಲ ಕಟ್ಟಿ ಕೊಟ್ಟಳು. ಆಮೇಲೆ ಬಹಳ ದಿನ ಅವಳ ಮನೆಯಿಂದ ಸದ್ದೇ ಬರುತ್ತಿರಲಿಲ್ಲ.

ಮತ್ತೆ ದಸರಾ ಬಂತು. ಅಕ್ಷತಾ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಬಿಡುವಿನಲ್ಲಿ ಹಿಂದಿನ ವರ್ಷದ ದಸರಾ ವೀಡಿಯೊಗಳನ್ನು ಸುಮ್ಮನೆ ತಳ್ಳುತ್ತಾ ಕೂತಿದ್ದಾಗ ಅಪ್ಪ ಎದುರಿಗೆ ಬಂದು ನಿಂತ. ಯಾರೋ ಶುಭಾ ಎನ್ನುವವರು, ದಾವಣಗೆರೆ ಕಡೆಯವರು, ಊರೂರು ಸುತ್ತಿ ಕಂಡದ್ದನ್ನು ಹಾಕುವವರು, ಬನ್ನಿಮಂಟಪದಲ್ಲಿ ತೆಗೆದದ್ದು. ಮೆರವಣಿಗೆ ಮುಗಿದು ತಂಡ ಮರದ ಕೆಳಗೆ ಸುಧಾರಿಸಿಕೊಳ್ಳುತ್ತಿದೆ. ಸುತ್ತ ನಿಂತ ಜನ ಇನ್ನೊಂದು ಸಲ ಎಂದು ಕೇಳುತ್ತಾರೆ. ಸಿದ್ದಲಿಂಗಸ್ವಾಮಿ ನಗುತ್ತಾ ಎದ್ದು, ಕತ್ತಿ ಎತ್ತಿ, ಒಡಪು ಹೇಳಿ, ಒಂದು ಸುತ್ತು ಕುಣಿಯುತ್ತಾನೆ. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿನ ಮೇಲೆ ಇಳಿದದ್ದೂ ಕಾಣುವಷ್ಟು ಸ್ಪಷ್ಟವಾಗಿತ್ತು. ಕುಣಿತ ನಿಲ್ಲಿಸಿ, ಏದುಸಿರು ಬಿಡುತ್ತಾ, ಜನರ ಕಡೆ ಕಣ್ಣಾಡಿಸಿ ಅವನು ಒಂದು ಮಾತು ಹೇಳುತ್ತಾನೆ:

"ಗಿರಿಜಾ, ನೀರ್ ಕೊಡು."

ಬದಿಯಿಂದ ಬಳೆ ತೊಟ್ಟ ಒಂದು ಕೈ ಬಾಟಲಿ ಚಾಚುತ್ತದೆ. ವೀಡಿಯೊ ಅಲ್ಲಿಗೆ ಮುಗಿಯುತ್ತದೆ.

ಅಕ್ಷತಾ ಅದನ್ನು ತಾಯಿಗೆ ತೋರಿಸಿದ ಸಂಜೆಯೇ ಗಿರಿಜಾಂಬಾ ಫೋನು ಹಿಡಿದು ನನ್ನಲ್ಲಿಗೆ ಬಂದಳು. ಅದನ್ನು ನನ್ನ ಕಿವಿಗೆ ಇಟ್ಟಳು. ಮುಗಿದ ಮೇಲೆ ಇನ್ನೊಮ್ಮೆ ಇಟ್ಟಳು. ನಾನು ಅವಳ ಮುಖ ನೋಡಿದೆ. ಮದುವೆಯಾದ ಹೊಸದರಲ್ಲಿ ಅವಳು ಆ ಮನೆಗೆ ಬಂದಾಗ ಇದ್ದ ಮುಖ ಅದು.

"ಆವತ್ತು ನಂಗೆ ಕೇಳ್ಸೇ ಇಲ್ಲ ಕಣಕ್ಕ," ಎಂದಳು. "ಜನ, ತಮಟೆ ಸದ್ದು. ಬಾಯಾರ್ಕೆ ಆಗ್ಯದೆ ಅಂತ ಗೊತ್ತಾಯ್ತು, ಬಾಟ್ಲಿ ಕೊಟ್ಟೆ ಅಷ್ಟೆ. ಕರ್ದಿದ್ದು ಕೇಳ್ಸೇ ಇಲ್ಲ."

ಯಾಕೆ ಆವತ್ತು ಆ ಹೆಸರು ಬಾಯಿಗೆ ಬಂತೋ ಯಾರು ಬಲ್ಲರು? ಮಗಳು ಜೊತೆಗಿಲ್ಲದ್ದರಿಂದಲೋ, ಅಷ್ಟು ಜನರ ನಡುವೆ ಮನೆಯ ರೂಢಿ ಮರೆತುಹೋಗಿಯೋ, ಅಥವಾ ಅವನ ಮನಸ್ಸಿನಲ್ಲಿ ಅವಳನ್ನು ಯಾವಾಗಲೂ ಹಾಗೇ ಕರೆಯುತ್ತಿದ್ದನೋ. ಕೇಳೋಣವೆಂದರೆ ಅವನಿಲ್ಲ. ಗಿರಿಜಾಂಬಾ ಅಲ್ಲೇ, ನನ್ನ ಎದುರಿಗೇ, ಆ ರಿಬ್ಬನ್ ಗುರುತನ್ನು ಒತ್ತಿದಳು. ಅದು ಕಪ್ಪಾಯಿತು. ಸೇವ್ ಆಯಿತೆಂದು ಇಬ್ಬರೂ ನೆಮ್ಮದಿಯಾದೆವು.

ಆಮೇಲೆ ಗೋಡೆಯ ಆಚೆಯಿಂದ ದಿನವೂ ಆ ದನಿ ಕೇಳುತ್ತಿತ್ತು. ಕುಚ್ಚು ಕಟ್ಟುವಾಗ ಫೋನನ್ನು ಮೊಣಕಾಲಿಗೆ ಒರಗಿಸಿಕೊಂಡು, ದಾರ ಬದಲಿಸುವ ಹೊತ್ತಿಗೊಮ್ಮೆ ಹಚ್ಚುತ್ತಿದ್ದಳು. ಒಡಪು, ಕುಣಿತ, ಆಮೇಲೆ ಹೆಸರು. ನೆಂಟರಿಷ್ಟರಿಗೆ ಅವಳು ಹೇಳಲಿಲ್ಲ. ಅದು ಅವಳ ಸ್ವಂತದ್ದಾಗಿತ್ತು. ನನಗೂ ಅಕ್ಷತಾಳಿಗೂ ಮಾತ್ರ ಗೊತ್ತು.

ವರ್ಷದ ಪುಣ್ಯಸ್ಮರಣೆ ಹತ್ತಿರ ಬಂದಾಗ ಮಾತು ಹೇಗೋ ಹೊರಬಿತ್ತು. ಗಿರಿಜಾಂಬಾಳ ತಮ್ಮ ಮಹೇಶ್ ಮನೆಗೆ ಬಂದಿದ್ದಾಗ ಅವಳು ನೋಡುತ್ತಿದ್ದದ್ದನ್ನು ಕಂಡುಬಿಟ್ಟ. ಅವನಿಗೆ ಕುಣಿದಾಡುವಷ್ಟು ಖುಷಿ. ಭಾವನ ಒಂದು ಸರಿಯಾದ ಫೋಟೊ ಕೂಡ ಇಲ್ಲವಲ್ಲ, ಹಾಸ್ಟೆಲಿನ ಸಭಾಂಗಣದಲ್ಲಿ ದೊಡ್ಡ ಟಿವಿ ಇದೆ, ಅಂದು ಇದನ್ನೇ ಹಾಕೋಣ ಎಂದ. ಸಿದ್ದಲಿಂಗಸ್ವಾಮಿಯ ಅಣ್ಣ ಚಿಕ್ಕಬಸವಯ್ಯನವರಿಗೂ ಫೋನ್ ಮಾಡಿ ಹೇಳಿದ. ಅವರು ಹಿರಿಯರು, ಅವರೂ ಒಂದು ಕಾಲದಲ್ಲಿ ಕತ್ತಿ ಹಿಡಿದು ಕುಣಿದವರು. ತಮ್ಮನನ್ನು ಇನ್ನೊಮ್ಮೆ ಕಾಣುತ್ತೇನೆಂದು ಅಲ್ಲೇ ಬಿಕ್ಕಿದರಂತೆ.

ಮಹೇಶ್ ತನ್ನ ಫೋನಿನ ಪರದೆಯ ಮೇಲೆ ವೀಡಿಯೊ ಓಡಿಸಿ ಅದನ್ನೇ ರೆಕಾರ್ಡ್ ಮಾಡಿಕೊಂಡ. ಹುಡುಗ ಅಚ್ಚುಕಟ್ಟು. ಹಿಂದೆ ಮುಂದೆ ಬೇಡದ್ದನ್ನು ಕತ್ತರಿಸಿ, ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. ಗುಂಪಿಗೆ ಬೀಳುವಷ್ಟರಲ್ಲಿ ಅದು ಮಸುಕಾಗಿತ್ತು. ಮುಖದ ಮೇಲೆ ಹೃದಯದ ಗುರುತು, ಯಾರದೋ ಹೆಸರು, ಏನೇನೋ ಚಿಹ್ನೆಗಳು. ಫೋನಿನಲ್ಲೇ ಹೀಗಾದರೆ ದೊಡ್ಡ ಟಿವಿಯಲ್ಲಿ ಹೇಗೆ ಎಂದು ಚಿಕ್ಕಬಸವಯ್ಯನವರು ಕೇಳಿದರು. ಹಾಕಿದವರನ್ನೇ ಕೇಳಿ ಒರಿಜಿನಲ್ ತರಿಸೋಣ ಎಂದು ಮಹೇಶ್ ಆ ಪುಟದ ಲಿಂಕನ್ನೂ ಗುಂಪಿಗೆ ಹಾಕಿದ. ಕೆಟ್ಟದ್ದು ಶುರುವಾದದ್ದು ಅಲ್ಲಿಂದ, ಕೆಟ್ಟ ಮನಸ್ಸಿನವರು ಅದರಲ್ಲಿ ಒಬ್ಬರೂ ಇರಲಿಲ್ಲ.

ನಮ್ಮ ಕಡೆ ಸಾವಿನ ಮನೆಗೆ ಹೋದವರು ಹೂವು ಹಾಕದೆ, ಕೈ ಮುಗಿಯದೆ ವಾಪಸು ಬರುವುದಿಲ್ಲ. ಫೋನಿನಲ್ಲೂ ಅವರು ಅದನ್ನು ಬಿಡಲಿಲ್ಲ. ಗುಂಡ್ಲುಪೇಟೆಯಿಂದ, ಚಾಮರಾಜನಗರದಿಂದ, ಟಿ. ನರಸೀಪುರದಿಂದ ಅಣ್ಣತಮ್ಮಂದಿರು, ಸೋದರಳಿಯಂದಿರು, ವೀರಗಾಸೆಯ ಜೊತೆಗಾರರು ಒಬ್ಬೊಬ್ಬರಾಗಿ ಆ ಶುಭಾ ಅವರ ಪುಟಕ್ಕೆ ಹೋಗಿ ವೀಡಿಯೊ ಕೆಳಗೆ ಬರೆದರು. ಲಿಂಗೈಕ್ಯರಾದರು. ಶಿವನ ಪಾದ ಸೇರಿದರು. ಓಂ ಶಾಂತಿ. ಹೂವು, ಹಣತೆ, ಮುಗಿದ ಕೈ, ಅಳುವ ಮುಖ. ನಡುನಡುವೆ ಒಬ್ಬಿಬ್ಬರು "ಮೇಡಂ, ಒರಿಜಿನಲ್ ಕಳಿಸಿ" ಎಂದು ಬರೆದದ್ದು ಆ ಹೂವಿನ ರಾಶಿಯೊಳಗೆ ಮುಚ್ಚಿಹೋಯಿತು. ಕುಣಿತದ ವೀಡಿಯೊ ಹೋಗಿ ಶ್ರದ್ಧಾಂಜಲಿಯ ಫಲಕವಾಯಿತು. ಗಿರಿಜಾಂಬಾ ಅದನ್ನೆಲ್ಲ ಓದಿ, ಅವರನ್ನು ಎಷ್ಟು ಜನ ನೆನೆಸಿಕೊಳ್ಳುತ್ತಾರೆ ನೋಡಿ ಅಕ್ಕ ಎಂದು ಕಣ್ಣು ಒರೆಸಿಕೊಂಡಳು.

ಮಾರನೆಯ ವಾರ ಒಂದು ಬೆಳಿಗ್ಗೆ ಬಂದವಳು ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇದೆಯೇ ಎಂದು ಕೇಳಿದಳು. ತನ್ನ ಫೋನಿನಲ್ಲಿ ಅವರು ಬರುತ್ತಿಲ್ಲವಂತೆ. ನಾನು ಫೋನು ತೆಗೆದುಕೊಂಡು ನೋಡಿದೆ. ಸೇವ್ ಮಾಡಿದ ಸಾಲಿನಲ್ಲಿ ನವಿಲುಗರಿ ಇತ್ತು, ಜೋಳದ ತೆನೆ ಇತ್ತು, ಎಲ್ಲಾ ಕುಚ್ಚುಗಳೂ ಇದ್ದವು. ಅವನಿರಲಿಲ್ಲ. ಶುಭಾ ಅವರ ಪುಟಕ್ಕೆ ಹೋದರೆ ಅಲ್ಲೂ ಇರಲಿಲ್ಲ. ಬೇರೆ ಫೋಟೊಗಳ ಕೆಳಗೆ ಏನಾದರೂ ಬರೆಯೋಣವೆಂದರೆ ಕಾಮೆಂಟುಗಳನ್ನೆಲ್ಲ ಮುಚ್ಚಿಬಿಟ್ಟಿದ್ದರು. ಫೋನು ಆರಿಸಿ ಹಚ್ಚಿದೆ. ರೀಚಾರ್ಜ್ ಮುಗಿದಿರಬಹುದೆಂದು ಅದನ್ನೂ ಮಾಡಿಸಿದೆ. ಏನು ಮಾಡಿದರೂ ಬರಲಿಲ್ಲ.

ಉದಯಗಿರಿಯ ದಾರಿಯಲ್ಲಿ ವಿಜಯ್‌ಕುಮಾರ್ ಎಂಬುವನ ಮೊಬೈಲ್ ರಿಪೇರಿ ಅಂಗಡಿ ಇದೆ. ಇಬ್ಬರೂ ಅಲ್ಲಿಗೆ ಹೋದೆವು. ನಾನು ಹೋದ ಕೂಡಲೇ ಜೋರು ಮಾಡಿದೆ, ಸೇವ್ ಮಾಡಿದ್ದು ಹೇಗಯ್ಯಾ ಹೋಗುತ್ತದೆ, ಫೋನು ಕೆಟ್ಟಿದೆ ಸರಿ ಮಾಡು ಎಂದು. ಅವನು ಪಾಪ ಎಲ್ಲ ನೋಡಿ, ಫೋನು ಚೆನ್ನಾಗಿಯೇ ಇದೆ ಎಂದ.

"ಆ ಸೇವ್ ಒತ್ತಿದ್ರೆ ವೀಡಿಯೊ ನಿಮ್ ಫೋನಿಗೆ ಬರಲ್ಲ ಅಮ್ಮ. ಎಲ್ಲಿದೆ ಅಂತ ಗುರುತು ಮಾಡ್ಕೊಂಡಂಗೆ ಅಷ್ಟೆ. ಹಾಕ್ದೋರು ಅಲ್ಲಿಂದ ತೆಗೆದ್ಬುಟ್ರೆ ಇಲ್ಲೂ ಇರಲ್ಲ."

ಗಿರಿಜಾಂಬಾಳಿಗೆ ಅರ್ಥವಾಗಲಿಲ್ಲ. ನನ್ನದೆಂದು ಒತ್ತಿದ್ದೆನಲ್ಲ, ಕಪ್ಪಾಗಿತ್ತಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ಬಾಯಲ್ಲಿ ಹೇಳಿದರೆ ಆಗದೆಂದು ಅವನು ಮಾಡಿಯೇ ತೋರಿಸಿದ. ಅವಳು ಸೇವ್ ಮಾಡಿದ್ದ ಒಂದು ಕುಚ್ಚಿನ ವೀಡಿಯೊ ತೆರೆದು, ಅದರ ಲಿಂಕ್ ಹಿಡಿದು, ಇನ್ನೊಂದು ಕಡೆ ಅಂಟಿಸಿ, ಗುಂಡಿ ಒತ್ತಿದ. ವೀಡಿಯೊ ಬಂದು ಫೋನಿನೊಳಗೆ ಬಿತ್ತು. ಎಲ್ಲರಿಗೂ ಕಾಣುವಂತೆ ಹಾಕಿದ್ದನ್ನು ಹೀಗೆ ಇಳಿಸಿಕೊಂಡರೆ, ಹಾಕಿದವರು ಹಾಕಿದ ಹಾಗೆಯೇ, ಮಾಸದೆ ಬರುತ್ತದೆ ಎಂದ. ಇನ್ನು ಅವರು ತೆಗೆದರೂ ಇದು ಇಲ್ಲೇ ಇರುತ್ತದೆ ಎಂದ.

ಅದಕ್ಕೆ ಹೊತ್ತಾದರೂ ಎಷ್ಟು ಬೇಕಿತ್ತು? ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿತ್ತು. ಗಿರಿಜಾಂಬಾ ಆ ಪರದೆಯನ್ನೇ ನೋಡುತ್ತಾ ನಿಂತಳು.

"ಇಷ್ಟೇನಾ?" ಎಂದಳು.

"ಇಷ್ಟೇ ಅಮ್ಮ," ಎಂದ ಅವನು.

ನನಗೆ ಆ ಕ್ಷಣ ಎಲ್ಲರ ಮೇಲೂ ಸಿಟ್ಟು ಬಂತು. ಇಷ್ಟು ದಿನ ಅವಳ ಕೈಯಲ್ಲೇ ಇತ್ತು. ದಿನಕ್ಕೆ ಎಷ್ಟು ಸಲ ಹಚ್ಚಿದ್ದಳು, ಒಂದು ಸಲ ಈ ಅಂಗಡಿಗೆ ಬಂದಿದ್ದರೆ ಸಾಕಿತ್ತು. ಆದರೆ ಬೀಗ ಹಾಕಿದ ಟ್ರಂಕಿಗೆ ಇನ್ನೊಂದು ಬೀಗ ಯಾರು ಹಾಕುತ್ತಾರೆ? ವಿಜಯ್‌ಕುಮಾರ್ ಒಂದು ಆಸೆಯನ್ನೂ ಹೇಳಿದ. ತೆಗೆದವರ ಬಳಿ ಅದು ಒಂದು ತಿಂಗಳ ಮಟ್ಟಿಗೆ ಉಳಿದಿರುತ್ತದಂತೆ, ಅಷ್ಟರೊಳಗೆ ಅವರು ಮನಸ್ಸು ಮಾಡಿದರೆ ವಾಪಸು ಹಾಕಬಹುದಂತೆ. ಆಮೇಲೆ ದೇವರೇ ಬಂದರೂ ಇಲ್ಲ.

ಅಕ್ಷತಾ ಅಂದೇ ಶುಭಾ ಅವರಿಗೆ ಮೆಸೇಜ್ ಬರೆದಳು. ನಾನೂ ಪಕ್ಕದಲ್ಲಿ ಕೂತು ಮಾತು ಹೇಳಿಕೊಟ್ಟೆ. ನಾವು ಅವರ ಮನೆಯವರು, ನಮ್ಮ ಬಳಿ ಬೇರೆ ಇಲ್ಲ, ದಯವಿಟ್ಟು ಒಂದು ಸಲ ವಾಪಸು ಹಾಕಿ, ಇಲ್ಲವೇ ನಿಮ್ಮ ಫೋನಿನಲ್ಲಿರುವ ಮೂಲವನ್ನು ಕಳಿಸಿ. ಮೆಸೇಜ್ ಹೋಯಿತು. ಆದರೆ ಪರಿಚಯವಿಲ್ಲದವರು ಬರೆದದ್ದು ಅವರಿಗೆ ಬೇರೆಯೇ ಒಂದು ಮೂಲೆಯಲ್ಲಿ ಬಿದ್ದಿರುತ್ತದಂತೆ, ತಾವಾಗಿ ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಫೋನ್ ನಂಬರ್ ಯಾರಿಗೂ ಗೊತ್ತಿರಲಿಲ್ಲ. ಎಕ್ಸ್‌ಚೇಂಜಿನಲ್ಲಿ ದುಡಿದ ನಾನು, ಊರು ಹೆಸರು ಹೇಳಿದರೆ ಎಂಥವರನ್ನೂ ಹುಡುಕಿ ಲೈನ್ ಕೊಡುತ್ತಿದ್ದವಳು, ದಾವಣಗೆರೆ ಶುಭಾ ಎಂಬ ಎರಡು ಮಾತು ಇಟ್ಟುಕೊಂಡು ಏನೂ ಮಾಡಲಾಗದೆ ಕೂತೆ. ಮೆಸೇಜಿನ ಕೆಳಗೆ 'ನೋಡಿದ್ದಾರೆ' ಎಂದು ಬರುತ್ತದೆಯೇ ಎಂದು ಗಿರಿಜಾಂಬಾ ದಿನವೂ ಮಗಳ ಫೋನು ಇಣುಕುತ್ತಿದ್ದಳು. ಬರುತ್ತಿರಲಿಲ್ಲ.

ಮಹೇಶನ ಬಳಿ ಇದೆಯಲ್ಲ ಎಂದು ನಾನೇ ನೆನಪಿಸಿದೆ. ಮಸುಕಾದರೇನು, ಹೆಸರು ಕೇಳಿದರೆ ಸಾಕು. ಅವನಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಗುಂಪಿಗೆ ಹಾಕಿದ್ದರಲ್ಲಿ ಕೊನೆಯ ಭಾಗ ಇಲ್ಲವಲ್ಲ, ಪೂರ್ತಿ ಇದ್ದದ್ದು ಎಲ್ಲಿ ಎಂದು ಅಕ್ಷತಾ ಕೇಳಿದಳು.

"ಕೊನೇಲಿ ಬರೀ ನೀರು ಕೇಳೋದು ಇತ್ತಲ್ಲ ಪುಟ್ಟಿ, ಚೆನ್ನಾಗಿರಲ್ಲ ಅಂತ ಕಟ್ ಮಾಡ್ಬುಟ್ಟೆ. ಅದ್ರ ಮೇಲೇ ಸೇವ್ ಆಗೋಯ್ತು. ಯಾಕೆ, ಒರಿಜಿನಲ್ಲು ಅಕ್ಕನ ಹತ್ರ ಸೇವ್ ಆಗ್ಯದಲ್ಲ?"

ಅಕ್ಷತಾ ತಾಯಿಯ ಮುಖ ನೋಡಿದಳು. ಗಿರಿಜಾಂಬಾ ಬೇಡ ಎಂದು ಕೈಯಾಡಿಸಿದಳು. ಫೋನಿಟ್ಟ ಮೇಲೆ ನಾನು ಸುಮ್ಮನಿರಲಾಗದೆ, ಅವನಿಗೆ ವಿಷಯ ಹೇಳಬಾರದೇನೇ, ಇನ್ನೆಲ್ಲಾದರೂ ಹುಡುಕುತ್ತಾನೆ ಎಂದು ಬೈದೆ.

"ಏನಂತ ಹೇಳ್ಳಿ ಅಕ್ಕ? ಗಂಡ ಹೆಸ್ರು ಹಿಡ್ದು ಕರ್ದಿದ್ದ, ನೀನು ಅದ್ನೇ ಕಟ್ ಮಾಡ್ಬುಟ್ಟೆ ಅಂತಾನಾ? ಅವ್ನು ಜೀವಮಾನ ಪೂರ್ತಿ ಕೊರಗ್ತಾನೆ. ನಗೋರು ನಗ್ತಾರೆ."

ಪುಣ್ಯಸ್ಮರಣೆಗೆ ನಾನೂ ಹೋಗಿದ್ದೆ. ಅಯ್ಯನವರ ಪಾದಪೂಜೆ ಆಯಿತು, ಪ್ರಸಾದ ಆಯಿತು, ಹಾಸ್ಟೆಲಿನ ಮಕ್ಕಳೆಲ್ಲ ಬಂದು ಸಾಲಾಗಿ ಕೂತರು. ಪುಟದಿಂದ ವೀಡಿಯೊ ಹೋದದ್ದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು, ದೊಡ್ಡ ಟಿವಿಯಲ್ಲಿ ಮಹೇಶ್ ತನ್ನ ಬಳಿ ಇದ್ದದ್ದನ್ನೇ ಹಾಕಿದ. ಫೋನಿನಲ್ಲಿ ಹುಬ್ಬಿನ ಮೇಲಿನ ವಿಭೂತಿ ಕೂಡ ಕಂಡಿದ್ದ ಮನುಷ್ಯ, ಅಲ್ಲಿ ಕೆಂಪು ಬಿಳಿ ಚೌಕಗಳಾಗಿ ಒಡೆದುಹೋಗಿದ್ದ. ದನಿ ಬಾವಿಯೊಳಗಿಂದ ಬಂದಂತಿತ್ತು. ಆದರೂ ಚಿಕ್ಕಬಸವಯ್ಯನವರು ಎದ್ದು ನಿಂತು ಕೈ ಮುಗಿದರು, ಮಕ್ಕಳು ಅತ್ತರು. ಇಷ್ಟಾದರೂ ಉಳಿಯಿತಲ್ಲ ಎಂದು ಎಲ್ಲರೂ ಮಹೇಶನ ಬೆನ್ನು ತಟ್ಟಿದರು. ಅದು ಮತ್ತೆ ಮತ್ತೆ ತಾನಾಗಿ ಹತ್ತುವಂತೆ ಅವನು ಮಾಡಿಟ್ಟಿದ್ದ. ಪ್ರತಿ ಸಲವೂ ಕುಣಿತ ನಿಂತು, ಸಿದ್ದಲಿಂಗಸ್ವಾಮಿ ಉಸಿರು ಎಳೆದುಕೊಂಡು, ಜನರ ಕಡೆ ಕತ್ತು ತಿರುಗಿಸುವಷ್ಟರಲ್ಲಿ ವೀಡಿಯೊ ಮುಗಿದು ಮೊದಲಿಗೆ ಹೋಗುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಗಿರಿಜಾಂಬಾ ಪ್ರತಿ ಸಲವೂ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದಳು. ಬರುವುದಿಲ್ಲವೆಂದು ಅವಳಿಗೆ ಗೊತ್ತು. ನನಗೆ ನೋಡಲಾಗಲಿಲ್ಲ, ಎದ್ದು ಹೊರಗೆ ಹೋದೆ.

ಶುಭಾ ಅವರ ಉತ್ತರ ಬಂದದ್ದು ಶಿವರಾತ್ರಿಯ ಹಿಂದಿನ ದಿನ. ಒಂದು ತಿಂಗಳ ಗಡುವು ಯಾವಾಗಲೋ ಮುಗಿದಿತ್ತು. ಭಾನುವಾರದ ಬೆಳಿಗ್ಗೆ, ಗಿರಿಜಾಂಬಾ ಕಿಟಕಿಯ ಬಳಿ ಒಂದು ಹಸಿರು ರೇಷ್ಮೆ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು, ನಾನು ನನ್ನ ಕಾಫಿ ಲೋಟ ಹಿಡಿದು ಅಲ್ಲೇ ಕೂತಿದ್ದೆ. ಅಕ್ಷತಾ ಜೋರಾಗಿ ಓದಿದಳು.

ತುಂಬಾ ಒಳ್ಳೆಯ ಹೆಂಗಸು ಆಕೆ. ಮೆಸೇಜನ್ನು ಇವತ್ತೇ ಕಂಡೆ, ಕ್ಷಮಿಸಿ ಎಂದು ಮೂರು ಕಡೆ ಬರೆದಿದ್ದರು. ಅಷ್ಟು ಜನ ಓಂ ಶಾಂತಿ ಎಂದು ಬರೆದಾಗ ತಮಗೆ ಗಾಬರಿಯಾಯಿತಂತೆ. ತೀರಿಕೊಂಡವರ ವೀಡಿಯೊ ಇಟ್ಟುಕೊಂಡು ಲೈಕ್ ಗಿಟ್ಟಿಸುತ್ತಿದ್ದೇನೆ ಎಂದು ಮನೆಯವರಿಗೆ ನೋವಾಗಿರಬೇಕು ಎಂದುಕೊಂಡರಂತೆ. ಅವರ ಆತ್ಮಕ್ಕೆ ಗೌರವ ಕೊಡಬೇಕೆಂದೇ ತೆಗೆದುಹಾಕಿದರಂತೆ. ಮೂಲ ವೀಡಿಯೊ ಹಳೆಯ ಫೋನಿನಲ್ಲಿತ್ತು, ಅದನ್ನು ಅಂಗಡಿಗೆ ಕೊಡುವಾಗ ಎಲ್ಲ ಅಳಿಸಿಬಿಟ್ಟೆ, ಪುಟದಲ್ಲಿ ಇದ್ದೇ ಇದೆಯಲ್ಲ ಎಂದುಕೊಂಡಿದ್ದೆ ಎಂದು ಬರೆದಿದ್ದರು. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ ಎಂದಿದ್ದರು.

ಬೈಯೋಣವೆಂದು ಬಾಯಿ ತೆರೆದೆ, ಯಾರನ್ನು ಬೈಯಬೇಕೋ ತೋಚಲಿಲ್ಲ. ಹೂವು ಹಾಕಿದವರನ್ನೋ, ಅಚ್ಚುಕಟ್ಟು ಮಾಡಿದವನನ್ನೋ, ಗೌರವ ಕೊಟ್ಟವರನ್ನೋ?

ಗಿರಿಜಾಂಬಾ ಗಂಟು ಹಾಕುವುದನ್ನು ನಿಲ್ಲಿಸಿರಲಿಲ್ಲ. ತಲೆಯೆತ್ತದೆಯೇ ಮಗಳನ್ನು ಕೇಳಿದಳು. "ನೀನು ಎಷ್ಟೊಂದ್ ಸಲ ಕೇಳಿದ್ಯಲ್ಲ. ಅಪ್ಪ ಎಂಗಂದ್ರು, ಅಂಗೇ ಒಂದ್ಸಲ ಅನ್ನು."

ಅಕ್ಷತಾ ಹಿಂಜರಿದಳು. ತಾಯಿಯ ಹೆಸರು ಹಿಡಿದು ಯಾವ ಮಗಳು ಕರೆದಿದ್ದಾಳೆ? ಕೊನೆಗೆ ಗಂಟಲು ಸರಿಮಾಡಿಕೊಂಡು ಹೇಳಿದಳು. "ಗಿರಿಜಾ, ನೀರ್ ಕೊಡು."

"ಅಂಗಲ್ಲ."

ಇನ್ನೊಮ್ಮೆ ಹೇಳಿದಳು, ಗಟ್ಟಿಯಾಗಿ, ಏದುಸಿರು ಸೇರಿಸಿ. ಅದೂ ಅಲ್ಲ ಎಂದಳು. ನನ್ನ ಕಡೆ ತಿರುಗಿದಳು. ಬದುಕೆಲ್ಲ ದನಿಗಳನ್ನೇ ಕೇಳಿ ಗುರುತು ಹಿಡಿದವಳು ನಾನು. ಆ ದನಿ ನನ್ನ ಕಿವಿಯಲ್ಲಿ ಇನ್ನೂ ಇದೆ ಎಂದೇ ಅಂದುಕೊಂಡಿದ್ದೆ. ಹೇಳಿದೆ. ಅವಳು ತಲೆಯಾಡಿಸಿದಳು. ಅವನು 'ರಿ' ಎಳೆದಿದ್ದನೋ 'ಜಾ' ಎಳೆದಿದ್ದನೋ ಎಂದು ನಾನೂ ಅಕ್ಷತಾಳೂ ಒಂದು ಗಳಿಗೆ ವಾದ ಮಾಡಿದೆವು. ಇಬ್ಬರಿಗೂ ಖಾತ್ರಿ ಇರಲಿಲ್ಲ.

ಗಿರಿಜಾಂಬಾ ಕೈಯಲ್ಲಿದ್ದ ಎಳೆ ಬಿಟ್ಟಳು. ತುಟಿ ಅಲುಗಿಸಿ, ತನ್ನ ಹೆಸರನ್ನು ತಾನೇ, ಸಣ್ಣ ದನಿಯಲ್ಲಿ ಹೇಳಿ ನೋಡಿದಳು. ಇನ್ನೊಂದು ಸಲ, ಬೇರೆ ಥರ. ಮತ್ತೊಂದು ಸಲ. ಆಮೇಲೆ ನನ್ನ ಮುಖ ನೋಡಿದಳು.

"ನಂಗೂ ಬರ್ತಿಲ್ಲ ಅಕ್ಕ," ಎಂದಳು. "ನೆನ್ನೆ ತನಕ ಕಿವೀಲಿತ್ತು."